ಪಕ್ಕದವಳ ನೀರಿನ ಬಾಟಲಿ: ಬೇಸಿಗೆ ಎನ್‌ಸಿಸಿ ಶಿಬಿರ, ಓದುಗರ ಪ್ರಶ್ನೆಗಳು

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಂದೇ ವಿಷಯದವು: ಬೇಸಿಗೆ ರಜೆಯಲ್ಲಿ ನಡೆಯುವ ಎನ್‌ಸಿಸಿ (ರಾಷ್ಟ್ರೀಯ ಕೆಡೆಟ್ ದಳ) ಶಿಬಿರ. ನಾನು ಮಹಿಳಾ ಕಾಲೇಜೊಂದರಲ್ಲಿ ಇತಿಹಾಸದ ಉಪನ್ಯಾಸಕಿಯಾಗಿದ್ದೆ. ಜೊತೆಗೆ ಇಪ್ಪತ್ತೊಂದು ವರ್ಷ ಅದೇ ಕಾಲೇಜಿನ ಎನ್‌ಸಿಸಿ ಅಧಿಕಾರಿಯೂ ಆಗಿದ್ದೆ. ಹಾಗಾಗಿ ಸಂಪಾದಕರು ಪತ್ರಗಳ ಕಟ್ಟನ್ನು ಹಾಗೆಯೇ ನನಗೆ ಕಳುಹಿಸಿದ್ದಾರೆ. ಕೆಲವಕ್ಕೆ ಉದ್ದವಾಗಿಯೇ ಉತ್ತರಿಸಿದ್ದೇನೆ. ಬರೆದವರ ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನನ್ನ ಮಗ ಎಂಟನೆಯ ತರಗತಿ ಮುಗಿಸಿದ್ದಾನೆ. ಮೇ ತಿಂಗಳಲ್ಲಿ ಹತ್ತು ದಿನದ ಎನ್‌ಸಿಸಿ ಶಿಬಿರಕ್ಕೆ ಅವನ ಹೆಸರು ಬಂದಿದೆ. ಇಂಥ ಬಿಸಿಲಿನಲ್ಲಿ ಕಳುಹಿಸುವುದೋ ಬೇಡವೋ ಎಂದು ಮನೆಯಲ್ಲಿ ದಿನಾ ಚರ್ಚೆ. ನಮ್ಮ ಅತ್ತೆಯವರು "ಮಗುವಿನ ಹತ್ತಿರ ಸಹಿ ಹಾಕಿಸಿಕೊಂಡು ಗಡಿಗೆ ಕರೆದುಕೊಂಡು ಹೋಗುತ್ತಾರೆ" ಎಂದು ಊಟ ಬಿಟ್ಟು ಕೂತಿದ್ದಾರೆ. ಏನು ಮಾಡಲಿ?
— ಒಬ್ಬ ತಾಯಿ, ತಿಪಟೂರು

ಉತ್ತರ: ಮೊದಲು ಅತ್ತೆಯವರಿಗೆ ಊಟ ಬಡಿಸಿ. ಎನ್‌ಸಿಸಿ ನಡೆಯುವುದು 1948ರ ಕಾಯ್ದೆಯ ಕೆಳಗೆ. ಕೆಡೆಟ್ ಆಗಿ ಸೇರಿದ ಮಾತ್ರಕ್ಕೆ ಯಾರನ್ನೂ ಯುದ್ಧ ಸೇವೆಗೆ ಕರೆಯುವಂತಿಲ್ಲ ಎಂದು ಆ ಕಾಯ್ದೆಯಲ್ಲೇ ಇದೆ. ಹತ್ತು ದಿನ ಕಳೆದ ಮೇಲೆ ಅವರ ಮೊಮ್ಮಗ ಮನೆಗೇ ಬರುತ್ತಾನೆ. ಸ್ವಲ್ಪ ಕಪ್ಪಾಗಿರುತ್ತಾನೆ, ತನ್ನ ತಟ್ಟೆ ತಾನೇ ತೊಳೆಯುತ್ತಾನೆ.

ಬಿಸಿಲಿನ ವಿಷಯ ಮಾತ್ರ ಹಾಗಲ್ಲ. ನಿಮ್ಮ ಭಯ ಸರಿಯಾದ ಭಯ. ಅದನ್ನು ನಾನು ಕಲಿತದ್ದು ನನ್ನ ತಪ್ಪಿನಿಂದ.

ಅಧಿಕಾರಿಯಾದ ನಾಲ್ಕನೆಯ ವರ್ಷ ಬಯಲುಸೀಮೆಯ ಒಂದು ಊರಿನಲ್ಲಿ ಶಿಬಿರ ನಡೆದಿತ್ತು. ಮೂರನೆಯ ದಿನ ಬೆಳಿಗ್ಗೆ ಎಲ್ಲರೂ ಸಾಲುಗೂಡುವ ಫಾಲ್‌ಇನ್ ಹೊತ್ತಿಗೆ ನನ್ನ ಕಾಲೇಜಿನ ಹುಡುಗಿಯೊಬ್ಬಳು ಬಂದು, "ಮೇಡಂ, ತಲೆ ಸುತ್ತುತ್ತಿದೆ" ಎಂದಳು. ಹಿಂದಿನ ದಿನ ಮೂವರು ಇದೇ ಮಾತು ಹೇಳಿ ಡ್ರಿಲ್ ತಪ್ಪಿಸಿಕೊಂಡು ಕೋಣೆಯಲ್ಲಿ ಹರಟೆ ಹೊಡೆಯುತ್ತಿದ್ದುದು ನನ್ನ ಕಣ್ಣಿಗೆ ಬಿದ್ದಿತ್ತು. "ನೆಪ ಹೇಳಬೇಡ, ಹೋಗಿ ಸಾಲಿನಲ್ಲಿ ನಿಲ್ಲು" ಎಂದುಬಿಟ್ಟೆ. ಅವಳು ಹೋಗಿ ನಿಂತಳು. ಅರ್ಧ ಗಂಟೆಯಾಗಿರಬಹುದು, ಕೈ ಕೂಡ ಮುಂದೆ ಚಾಚದೆ, ಕಡಿದ ಬಾಳೆಗಿಡದಂತೆ ಮುಖ ಅಡಿಯಾಗಿ ನೆಲಕ್ಕೆ ಬಿದ್ದಳು. ತುಟಿ ಒಡೆದು ಬೆರೆಟ್ ಟೋಪಿಯ ಮೇಲೆಲ್ಲ ರಕ್ತ. ನೆರಳಿಗೆ ಎತ್ತಿಕೊಂಡು ಹೋಗಿ, ಬೆಲ್ಟ್ ಬಿಚ್ಚಿ, ಒದ್ದೆ ಬಟ್ಟೆ ಹಾಕಿ ಎಚ್ಚರಿಸಿದೆವು. ಎಚ್ಚರವಾದ ತಕ್ಷಣ ಅವಳು ಹೇಳಿದ ಮೊದಲ ಮಾತು "ಕ್ಷಮಿಸಿ ಮೇಡಂ". ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಸಂಜೆ ಅವಳ ಪಕ್ಕದ ಹಾಸಿಗೆಯ ಹುಡುಗಿ ನನ್ನ ಹತ್ತಿರ ಬಂದು, "ಅವಳು ನಿನ್ನೆ ಮಧ್ಯಾಹ್ನದಿಂದ ಬಾಟಲಿಯ ಮುಚ್ಚಳ ತೆಗೆದೇ ಇಲ್ಲ ಮೇಡಂ" ಎಂದಳು. ಏಕೆ ಎಂದು ಕೇಳಿದರೆ ಶೌಚಾಲಯ ದೂರ, ಅಲ್ಲಿ ಬಾಗಿಲಿಗೆ ಚಿಲಕವಿಲ್ಲ. ಹೋಗುವುದು ತಪ್ಪಲಿ ಎಂದು ಹುಡುಗಿ ನೀರನ್ನೇ ಬಿಟ್ಟಿದ್ದಳು. ಅವಳೊಬ್ಬಳೇ ಅಲ್ಲ, ಸಾಲಿನಲ್ಲಿದ್ದ ಅರ್ಧದಷ್ಟು ಹುಡುಗಿಯರು ಹಾಗೆಯೇ ಮಾಡುತ್ತಿದ್ದರು. ಆ ರಾತ್ರಿಯೇ ಬಡಗಿಯನ್ನು ಕರೆಸಿ ನಾಲ್ಕು ಬಾಗಿಲಿಗೂ ಚಿಲಕ ಹಾಕಿಸಿದೆ. ಮರುದಿನದಿಂದ ಒಂದು ಪದ್ಧತಿ ಮಾಡಿದೆ. ಪ್ರತಿ ವಿರಾಮದಲ್ಲೂ ಎಲ್ಲರೂ ಪಕ್ಕದವಳ ಬಾಟಲಿಯನ್ನು ತಲೆಕೆಳಗು ಹಿಡಿಯಬೇಕು, ತನ್ನದನ್ನಲ್ಲ. ನೀರು ಸುರಿದರೆ ಅದಕ್ಕೆ ಉತ್ತರ ಹೇಳಬೇಕಾದವಳು ಹಿಡಿದವಳು. ಮುಂದಿನ ಹದಿನೇಳು ವರ್ಷ ನನ್ನ ಸಾಲಿನಲ್ಲಿ ಯಾರೂ ಬೀಳಲಿಲ್ಲ.

ಹಾಗಾಗಿ ಮಗನನ್ನು ಕಳುಹಿಸಿ, ಆದರೆ ತಯಾರಿ ಮಾಡಿಸಿ ಕಳುಹಿಸಿ. ಬಿಸಿಲಿಗೆ ಮೈ ಒಗ್ಗಲು ಒಂದರಿಂದ ಎರಡು ವಾರ ಬೇಕು. ಇಡೀ ಏಪ್ರಿಲ್ ಫ್ಯಾನಿನ ಕೆಳಗೆ ಮೊಬೈಲ್ ಹಿಡಿದು ಕೂತ ಹುಡುಗ ಮೇ ತಿಂಗಳಲ್ಲಿ ಏಕಾಏಕಿ ಮೈದಾನಕ್ಕೆ ಇಳಿದರೆ ಮೈ ಕೇಳುವುದಿಲ್ಲ. ಇವತ್ತಿನಿಂದಲೇ ಬೆಳಿಗ್ಗೆ ಮುಕ್ಕಾಲು ಗಂಟೆ ಅವನನ್ನು ಹೊರಗೆ ಓಡಾಡಿಸಿ. ಮನೆಯಲ್ಲೇ ಉಪ್ಪು ಸಕ್ಕರೆ ನೀರು ಮಾಡುವುದನ್ನು ಕಲಿಸಿ: ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸಮಮಟ್ಟದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಅದಕ್ಕಿಂತ ಹೆಚ್ಚು ಉಪ್ಪು ಬೇಡ. ಉಬ್ಬಸ, ಮೂರ್ಛೆರೋಗ, ಹೃದಯದ ತೊಂದರೆ, ಏನೇ ಇದ್ದರೂ ಫಾರ್ಮ್‌ನಲ್ಲಿ ಬರೆಯಿರಿ. "ಬರೆದರೆ ಹೆಸರು ತೆಗೆದುಬಿಡುತ್ತಾರೆ" ಎಂದು ಮುಚ್ಚಿಟ್ಟ ಅಪ್ಪ ಅಮ್ಮಂದಿರನ್ನು ನೋಡಿದ್ದೇನೆ. ಅವರ ಮೇಲೆ ನನಗೆ ಈಗಲೂ ಕೋಪವಿದೆ.

ಮಗನಿಗೆ ಒಂದು ಮಾತು ಚೆನ್ನಾಗಿ ತಿಳಿಸಿ ಹೇಳಿ. ಪಕ್ಕದ ಹುಡುಗನ ಮೈ ಬೆಂಕಿಯಂತೆ ಸುಡುತ್ತಿದ್ದರೆ, ಅವನ ಮಾತು ತೊದಲುತ್ತಿದ್ದರೆ, ಕೇಳಿದ್ದಕ್ಕೆ ಏನೇನೋ ಉತ್ತರ ಕೊಡುತ್ತಿದ್ದರೆ, ಡ್ರಿಲ್ ನಡುವೆಯೇ ಕೂಗಿ ಹೇಳಬೇಕು, ಅಪ್ಪಣೆಗೆ ಕಾಯಬಾರದು. ನೆರಳಿಗೆ ತಂದು ಮೈ ತಣ್ಣಗೆ ಮಾಡುತ್ತಲೇ ಆಸ್ಪತ್ರೆಗೆ ಸಾಗಿಸಬೇಕಾದ ಸ್ಥಿತಿ ಅದು. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಬಾರದು.

ಪ್ರಶ್ನೆ: ನಾನು ಬಿ.ಎ. ಮೊದಲ ವರ್ಷದ ಕೆಡೆಟ್. ಇದನ್ನು ಯಾರ ಹತ್ತಿರ ಕೇಳುವುದೋ ತಿಳಿಯದೆ ನಿಮಗೆ ಬರೆಯುತ್ತಿದ್ದೇನೆ. ನನ್ನ ಮುಟ್ಟಿನ ದಿನಗಳು ಸರಿಯಾಗಿ ಶಿಬಿರದ ನಡುವೆಯೇ ಬರುತ್ತವೆ. ಮಾತ್ರೆ ತೆಗೆದುಕೊಂಡು ಮುಂದೂಡಿದರೆ ಆದೀತೇ ಎಂದು ಅಕ್ಕ ಕೇಳುತ್ತಿದ್ದಾಳೆ.
— ಶಿರಸಿ

ಉತ್ತರ: ಮಗಳೇ, ಮೆಡಿಕಲ್ ಶಾಪಿನಲ್ಲಿ ಕೇಳಿ ಮಾತ್ರೆ ನುಂಗಬೇಡ. ಅಂಥ ಮಾತ್ರೆ ವೈದ್ಯರು ನಿನ್ನನ್ನು ನೋಡಿ, ನಿನ್ನ ಆರೋಗ್ಯ ವಿಚಾರಿಸಿ ಬರೆದುಕೊಡಬೇಕಾದದ್ದು. ಒಂದು ಶಿಬಿರಕ್ಕಾಗಿ ಅದು ಬೇಕಾಗಿಯೂ ಇಲ್ಲ.

ಎನ್‌ಸಿಸಿಯಲ್ಲಿ ಹುಡುಗಿಯರ ವಿಭಾಗ ಶುರುವಾದದ್ದು 1949ರಲ್ಲಿ. ಅಂದಿನಿಂದ ಎಷ್ಟೋ ಲಕ್ಷ ಹುಡುಗಿಯರು ಇದೇ ದಿನಗಳಲ್ಲಿ ಇದೇ ಮೈದಾನಗಳಲ್ಲಿ ನಿಂತಿದ್ದಾರೆ. ಹುಡುಗಿಯರಿರುವ ಶಿಬಿರದಲ್ಲಿ ಮಹಿಳಾ ಎನ್‌ಸಿಸಿ ಅಧಿಕಾರಿ ಇರುತ್ತಾರೆ, ಇಲ್ಲವೇ ಜಿಸಿಐ ಎಂದು ಕರೆಯುವ ಮಹಿಳಾ ತರಬೇತುದಾರರು ಇರುತ್ತಾರೆ. ನೀನು ಹೇಳಬೇಕಾದದ್ದು ಅವರಿಗೆ, ಅದೂ ಒಂದೇ ವಾಕ್ಯ: "ಮೇಡಂ, ಇವತ್ತು ನನಗೆ ಮೊದಲ ದಿನ." ಮುಂದಿನದನ್ನು ಅವರು ನೋಡಿಕೊಳ್ಳುತ್ತಾರೆ. ನೋವು ಹೆಚ್ಚಿದ್ದರೆ ಓಟ, ಅಡೆತಡೆ ದಾಟುವ ಅಬ್‌ಸ್ಟಕಲ್ ಬಿಟ್ಟು ಕೂರಬಹುದು. ನೋವಿಲ್ಲದಿದ್ದರೆ ಎಲ್ಲವನ್ನೂ ಮಾಡಬಹುದು. ನನ್ನ ಹುಡುಗಿಯೊಬ್ಬಳು ಎರಡನೆಯ ದಿನವೇ ಆರಡಿ ಗೋಡೆ ಹತ್ತಿ ಆಚೆ ಜಿಗಿದಿದ್ದಾಳೆ. ಮತ್ತೊಬ್ಬಳು ಆ ದಿನ ಬಿಸಿನೀರಿನ ಬಾಟಲಿ ಹೊಟ್ಟೆಗೆ ಒತ್ತಿ ಮಲಗಿದ್ದಳು. ಇಬ್ಬರೂ ಒಳ್ಳೆಯ ಕೆಡೆಟ್‌ಗಳೇ.

ಪ್ಯಾಡ್‌ಗಳನ್ನು ನಿನ್ನ ಲೆಕ್ಕಕ್ಕಿಂತ ಒಂದು ಪೊಟ್ಟಣ ಹೆಚ್ಚು ತೆಗೆದುಕೊಂಡು ಹೋಗು, ಯಾರಿಗಾದರೂ ಬೇಕಾಗುತ್ತದೆ. ಸುತ್ತಿ ಹಾಕಲು ಹಳೆಯ ದಿನಪತ್ರಿಕೆ, ಒಂದು ಮಾಸಿದ ಬಣ್ಣದ ಟವೆಲ್, ಎರಡು ಜೊತೆ ಹೆಚ್ಚಿನ ಒಳಬಟ್ಟೆ ಇರಲಿ. ಬಿಳಿ ಪಿಟಿ ಬಟ್ಟೆ ಹಾಕಿಕೊಂಡ ದಿನ ಕಲೆಯಾದೀತು ಎಂಬ ಭಯವಿದ್ದರೆ ನಿನ್ನ ಹಿಂದೆ ನಿಲ್ಲುವವಳಿಗೆ ಮೊದಲೇ ಹೇಳಿಡು. ಮುಜುಗರ ಬೇಡ, ಮುಂದಿನ ವಾರ ಅವಳೂ ನಿನಗೆ ಅದನ್ನೇ ಹೇಳುತ್ತಾಳೆ.

ಪ್ರಶ್ನೆ: ಟ್ರಂಕಿನಲ್ಲಿ ಏನೇನು ಇರಬೇಕು?
— ಹತ್ತನೆಯ ತರಗತಿಯ ಕೆಡೆಟ್, ಹಿರಿಯೂರು

ಉತ್ತರ: ಕೊಟ್ಟ ಪಟ್ಟಿಯಲ್ಲಿ ಇರುವುದೆಲ್ಲ ಇರಲಿ. ಪಟ್ಟಿಯಲ್ಲಿ ಇಲ್ಲದ ನಾಲ್ಕು ವಸ್ತು ನಾನು ಹೇಳುತ್ತೇನೆ: ಬಟ್ಟೆ ಒಣಹಾಕಲು ಹಗ್ಗ, ಸೂಜಿ ದಾರ ಮತ್ತು ಖಾಕಿ ಬಣ್ಣದ ಗುಂಡಿಗಳು, ಮೂರು ಜೊತೆ ಹತ್ತಿ ಅಥವಾ ಉಣ್ಣೆಯ ಕಾಲುಚೀಲ, ಒಂದು ಪುಟ್ಟ ಡಬ್ಬಿ ಕೊಬ್ಬರಿ ಎಣ್ಣೆ. ಹೊಸ ಬೂಟು ಕೊಟ್ಟಿದ್ದರೆ ಈಗಿನಿಂದಲೇ ದಿನಕ್ಕೆ ಒಂದು ಗಂಟೆ ಮನೆಯಲ್ಲಿ ಹಾಕಿಕೊಂಡು ತಿರುಗಾಡು. ಶಿಬಿರದಲ್ಲಿ ಅಳುವವರಲ್ಲಿ ಹೆಚ್ಚಿನವರು ಅಮ್ಮನ ನೆನಪಿಗೆ ಅಳುವುದಿಲ್ಲ, ಹಿಮ್ಮಡಿಯ ಬೊಬ್ಬೆಗೆ ಅಳುತ್ತಾರೆ.

ಪ್ರಶ್ನೆ: ಮೇಡಂ, ನನಗೆ ಹಿಂದಿ ಬರುವುದಿಲ್ಲ. ಕಳೆದ ವರ್ಷದ ಶಿಬಿರದಲ್ಲಿ ಡ್ರಿಲ್ ಕಲಿಸುವ ಉಸ್ತಾದ್ ಏನು ಹೇಳುತ್ತಾರೆಂದು ತಿಳಿಯದೆ ಎಲ್ಲರೂ ಬಲಕ್ಕೆ ತಿರುಗಿದರೆ ನಾನು ಎಡಕ್ಕೆ ತಿರುಗುತ್ತಿದ್ದೆ. ಎಲ್ಲರೂ ನಕ್ಕರು. ಈ ವರ್ಷ ಹೋಗುವುದೇ ಬೇಡ ಅನ್ನಿಸಿದೆ.
— ಪದವಿ ವಿದ್ಯಾರ್ಥಿ, ಲಿಂಗಸುಗೂರು

ಉತ್ತರ: ಹೋಗು. ಇದು ಭಾಷೆಯ ಸಮಸ್ಯೆ ಎಂದು ನೀನು ತಿಳಿದಿದ್ದೀಯ. ಡ್ರಿಲ್‌ಗೆ ಬೇಕಾದದ್ದು ಹೆಚ್ಚೆಂದರೆ ಇಪ್ಪತ್ತು ಇಪ್ಪತ್ತೈದು ಮಾತು, ಎರಡು ಸಂಜೆಯಲ್ಲಿ ಬಾಯಿಗೆ ಬರುತ್ತದೆ. ಸಾವಧಾನ್ ಎಂದರೆ ಹಿಮ್ಮಡಿ ಕೂಡಿಸಿ, ಮುಂಗಾಲನ್ನು 30 ಡಿಗ್ರಿ ತೆರೆದು, ಮುಷ್ಟಿ ತೊಡೆಗೆ ಅಂಟಿಸಿ ನೆಟ್ಟಗೆ ನಿಲ್ಲುವುದು. ವಿಶ್ರಾಮ್ ಎಂದರೆ ಎಡಗಾಲನ್ನು ಹನ್ನೆರಡು ಇಂಚು ಪಕ್ಕಕ್ಕೆ ಹಾಕಿ ಕೈಗಳನ್ನು ಬೆನ್ನ ಹಿಂದೆ ಕಟ್ಟುವುದು. ದಾಹಿನೇ ಬಲ, ಬಾಯೇ ಎಡ, ಪೀಛೇ ಹಿಂದಕ್ಕೆ, ಮುಡ್ ಎಂದರೆ ತಿರುಗು, ಥಮ್ ಎಂದರೆ ನಿಲ್ಲು. ತೇಜ್ ಚಲ್ ಎಂದರೆ ನಿಮಿಷಕ್ಕೆ 120 ಹೆಜ್ಜೆಯ ನಡಿಗೆ. ಮನೆಯ ಅಂಗಳದಲ್ಲಿ ಗಡಿಯಾರ ನೋಡಿಕೊಂಡು ನಡೆದು ನೋಡು, ಸೆಕೆಂಡಿಗೆ ಎರಡು ಹೆಜ್ಜೆ.

ಇನ್ನೊಂದು ಗುಟ್ಟಿದೆ. ಪ್ರತಿ ಆದೇಶಕ್ಕೂ ಎರಡು ತುಂಡು. "ದಾಹಿ...ನೇ" ಎಂದು ಎಳೆದು ಹೇಳುವುದು ನಿನ್ನನ್ನು ಸಿದ್ಧಮಾಡುವುದಕ್ಕೆ. ಆಗ ಕಾಲು ಅಲುಗಬಾರದು, ತಲೆ ಮಾತ್ರ ಯೋಚಿಸಬೇಕು. "ಮುಡ್" ಎಂದು ಕಡಿದಾಗ ಬಲ ಹಿಮ್ಮಡಿ ಮತ್ತು ಎಡ ಮುಂಗಾಲಿನ ಮೇಲೆ ತಿರುಗು. ನೀನು ಎಡಕ್ಕೆ ತಿರುಗಿದ್ದು ಹಿಂದಿ ಬಾರದೆ ಎಂದು ನನಗೆ ಅನ್ನಿಸುವುದಿಲ್ಲ. ಎಳೆಯುವ ತುಂಡು ಮುಗಿಯುವ ಮೊದಲೇ ಗಾಬರಿಯಲ್ಲಿ ತಿರುಗಿಬಿಟ್ಟಿದ್ದೀಯ.

ಆದರೆ ನಕ್ಕವರನ್ನು ನಾನು ಒಪ್ಪುವುದಿಲ್ಲ. ನಕ್ಷೆ ಓದುವುದು, ಪ್ರಥಮ ಚಿಕಿತ್ಸೆ, ಆಯುಧದ ಪಾಠ, ಇವು ಅರ್ಥವಾಗಬೇಕಾದ ವಿಷಯಗಳು. ಇವನ್ನು ಹಿಂದಿ ತಿಳಿಯದ ಹುಡುಗರಿಗೆ ಹಿಂದಿಯಲ್ಲಿ ಹೇಳಿ ಕೈತೊಳೆದುಕೊಂಡರೆ ಅದು ಪಾಠವೇ ಅಲ್ಲ. ಕನ್ನಡದಲ್ಲಿ ಬಿಡಿಸಿ ಹೇಳುವುದು ಕಾಲೇಜಿನಿಂದ ಜೊತೆಗೆ ಹೋದ ಅಧಿಕಾರಿಯ ಕರ್ತವ್ಯ. ನಾನು ಪ್ರತಿ ಸಂಜೆ ಊಟಕ್ಕೆ ಮೊದಲು ಮುಕ್ಕಾಲು ಗಂಟೆ ಅದನ್ನು ಮಾಡುತ್ತಿದ್ದೆ. ನಿನ್ನ ಅಧಿಕಾರಿಯನ್ನು ವಿನಯದಿಂದ ಕೇಳು, ಮತ್ತೆ ಕೇಳು.

ಉಸ್ತಾದರ ಬಗ್ಗೆಯೂ ಒಂದು ಮಾತು. ಅವರು ಸೈನ್ಯದಿಂದ ಬಂದವರು, ಇಲ್ಲಿಗೆ ಎರಡು ಮೂರು ವರ್ಷಕ್ಕೆ ಬಂದು ಹೋಗುವವರು. ನಮ್ಮಲ್ಲಿಗೆ ಬಂದಿದ್ದ ಗಢವಾಲದ ಹವಾಲ್ದಾರರೊಬ್ಬರು ಮೊದಲ ದಿನವೇ ನನ್ನ ಹತ್ತಿರ ಬಂದು "ಒಂದರಿಂದ ಹತ್ತರವರೆಗೆ ಕನ್ನಡದಲ್ಲಿ ಹೇಗೆ ಎಣಿಸುವುದು?" ಎಂದು ಕೇಳಿ ಅಂಗೈ ಮೇಲೆ ಬರೆದುಕೊಂಡರು. ಮರುದಿನ ಪಿಟಿಯಲ್ಲಿ "ಒಂದು, ಎರಡು, ಮೂರು" ಎಂದು ಎಣಿಸಿದರು. ನಾಲ್ಕು ಅವರ ಬಾಯಲ್ಲಿ "ನಾಲಕ್" ಆಗುತ್ತಿತ್ತು. ಹುಡುಗಿಯರು ಆ ದಿನ ಮಾಡಿದಷ್ಟು ಚುರುಕಾದ ಪಿಟಿಯನ್ನು ನಾನು ಮತ್ತೆ ನೋಡಲಿಲ್ಲ. ಊಟದ ಸಾಲಿನಲ್ಲಿ ನಿನ್ನ ಉಸ್ತಾದರಿಗೆ ನಿನ್ನೂರಿನ ಎರಡು ಮಾತು ಕಲಿಸು. ಅವರೂ ಮನೆ ಬಿಟ್ಟು ಬಹಳ ದೂರ ಬಂದಿದ್ದಾರೆ.

ಪ್ರಶ್ನೆ: ಫೈರಿಂಗ್‌ನಲ್ಲಿ ನನ್ನ ಕೈ ನಡುಗಿತು. ಐದು ಗುಂಡಿನಲ್ಲಿ ಎರಡು ಮಾತ್ರ ಗುರಿಹಲಗೆಗೆ ಬಿದ್ದವು. ಈ ಸಲ ಏನು ಮಾಡಿದರೆ ಸರಿಯಾದೀತು?
— ಕೆಡೆಟ್, ಕೋಲಾರ

ಉತ್ತರ: ಪಾಯಿಂಟ್ ಟೂ ಟೂ ರೈಫಲ್, 25 ಮೀಟರ್ ದೂರ, ಮಲಗಿಕೊಂಡು ಹೊಡೆಯುವುದು. ಆ ರೈಫಲ್ ಭುಜಕ್ಕೆ ಒದೆಯುವುದು ಬಹಳ ಕಡಿಮೆ. ನಿನ್ನನ್ನು ನಡುಗಿಸಿದ್ದು ಸದ್ದು ಮತ್ತು ಸದ್ದಿಗೆ ಕಾಯುವ ಮನಸ್ಸು.

ಮೊದಲು ಮಲಗುವುದನ್ನು ಸರಿಮಾಡಿಕೊ. ಕಾಲು ಅಗಲಿಸಿ ಹಿಮ್ಮಡಿಗಳು ನೆಲ ಮುಟ್ಟಲಿ. ಮೊಣಕೈ ಕಲ್ಲಿನ ಮೇಲಿದ್ದರೆ ಕಲ್ಲು ತೆಗೆದೇ ಮಲಗು, ಸಂಕೋಚ ಬೇಡ. ರೈಫಲ್ಲಿನ ಹಿಂಭಾಗ ಭುಜದ ಗುಳಿಯಲ್ಲಿ ಕೂರಲಿ, ಕೆನ್ನೆ ರೈಫಲ್ಲಿನ ಮರದ ಭಾಗಕ್ಕೆ ತಾಗಲಿ. ಮುಂದಿನ ಗುರಿಗೂಟದ ತುದಿ ಹಿಂದಿನ ಕಚ್ಚಿನ ನಡುವೆ ಬಂದಾಗ ಉಸಿರು ಎಳೆದು, ಅರ್ಧ ಬಿಟ್ಟು, ತಡೆದು, ಟ್ರಿಗರ್ ಅನ್ನು ಒತ್ತು. ಎಳೆಯಬೇಡ. ತಡೆದ ಉಸಿರು ಭಾರವಾದರೆ ಹೊಡೆಯಬೇಡ, ಉಸಿರು ಬಿಟ್ಟು ಮೊದಲಿನಿಂದ ಶುರುಮಾಡು. ಗುಂಡು ಹೋದ ಮೇಲೂ ಒಂದು ಕ್ಷಣ ಹಾಗೆಯೇ ಇರು. ತಲೆ ಎತ್ತಿ ಎಲ್ಲಿ ಬಿತ್ತು ಎಂದು ನೋಡುವ ಆಸೆಯೇ ಮುಂದಿನ ಗುಂಡನ್ನು ಕೆಡಿಸುತ್ತದೆ.

ಉಸ್ತಾದರ ಎದುರು ಖಾಲಿ ರೈಫಲ್ಲಿನಲ್ಲಿ ಅಭ್ಯಾಸ ಮಾಡಲು ಕೇಳು. ನಳಿಗೆಯ ತುದಿಯ ಹತ್ತಿರ ಒಂದು ರೂಪಾಯಿ ನಾಣ್ಯ ಇಟ್ಟು, ಅದು ಬೀಳದ ಹಾಗೆ ಟ್ರಿಗರ್ ಒತ್ತಬೇಕು. ನನ್ನ ಸಾಲಿನ ಒಬ್ಬ ಹುಡುಗಿಗೆ ಮೊದಲ ಸಲವೇ ಅದು ಸಾಧ್ಯವಾಯಿತು, ನಾಣ್ಯ ಅಲುಗಲೇ ಇಲ್ಲ. ಹೇಗೆ ಎಂದು ಉಸ್ತಾದರು ಕೇಳಿದರು. "ನಮ್ಮ ಮನೆಯಲ್ಲಿ ಹಾಲು ಕರೆಯುವವಳು ನಾನೇ. ಬೆರಳು ಗಕ್ಕನೆ ಹಿಡಿದರೆ ಹಸು ಒದೆಯುತ್ತದೆ" ಎಂದಳು. ಅವಳ ಐದೂ ಗುಂಡು ಬೆಂಕಿಪೊಟ್ಟಣದ ಅಗಲದೊಳಗೆ ಬಿದ್ದಿದ್ದವು. ಐದು ಗುಂಡು ಎಲ್ಲಿ ಬಿದ್ದರೂ ಒಂದರ ಪಕ್ಕ ಒಂದು ಬೀಳುವುದಕ್ಕೆ ಗ್ರೂಪಿಂಗ್ ಎನ್ನುತ್ತಾರೆ. ಮೊದಲು ಬೇಕಾದದ್ದು ಅದು, ನಡುಬಿಂದು ಆಮೇಲೆ.

ಹೊಡೆದ ಮೇಲೆ ಖೋಖಾಗಳನ್ನು, ಅಂದರೆ ಗುಂಡಿನ ಖಾಲಿ ಕವಚಗಳನ್ನು, ಎಣಿಸಿ ಒಪ್ಪಿಸುವುದನ್ನು ಗಮನಿಸಿದ್ದೀಯಾ? ಐದು ಕೊಟ್ಟರೆ ಐದೂ ವಾಪಸು ಬರಬೇಕು. ಒಂದು ಹುಲ್ಲಿನಲ್ಲಿ ಬಿದ್ದರೂ ಎಲ್ಲರೂ ಮಂಡಿಯೂರಿ ಹುಡುಕಬೇಕು. ಒಮ್ಮೆ ಒಂದೇ ಒಂದು ಖೋಖಾಕ್ಕಾಗಿ ನಲವತ್ತು ಹುಡುಗಿಯರು ಮಧ್ಯಾಹ್ನದ ಊಟ ತಡಮಾಡಿ ಹುಡುಕಿದೆವು. ಅದು ಒಬ್ಬಳ ಮಡಚಿದ ತೋಳಿನ ಮಡಿಕೆಯಲ್ಲಿತ್ತು. ಆಯುಧವನ್ನು ಕೈಗೆ ಕೊಡುವ ಮೊದಲು ಈ ಲೆಕ್ಕವನ್ನು ಕಲಿಸುವುದು ನನಗೆ ಬಹಳ ದೊಡ್ಡ ವಿಷಯವಾಗಿ ಕಾಣುತ್ತದೆ.

ಪ್ರಶ್ನೆ: ನಾವು ಕಾಲೇಜಿನಲ್ಲಿದ್ದಾಗ ಎನ್‌ಸಿಸಿ ಎಲ್ಲರಿಗೂ ಕಡ್ಡಾಯವಾಗಿತ್ತು. ಮೊಮ್ಮಕ್ಕಳು ನಂಬುವುದಿಲ್ಲ. ಮತ್ತೆ ಕಡ್ಡಾಯ ಮಾಡಬಾರದೇಕೆ?
— ನಿವೃತ್ತ ಎಂಜಿನಿಯರ್, ಧಾರವಾಡ

ಉತ್ತರ: ಮೊಮ್ಮಕ್ಕಳಿಗೆ ಇದನ್ನು ತೋರಿಸಿ ಸರ್, ನಿಮ್ಮ ನೆನಪು ಸರಿಯಾಗಿದೆ. ಪಂಡಿತ ಹೃದಯನಾಥ ಕುಂಜ್ರು ಅವರ ಸಮಿತಿಯ ಶಿಫಾರಸಿನಂತೆ ಎನ್‌ಸಿಸಿ ಹುಟ್ಟಿದ್ದು 1948ರ ಜುಲೈನಲ್ಲಿ. 1962ರ ಚೀನಾ ಯುದ್ಧದ ಮರುವರ್ಷ, 1963ರಲ್ಲಿ ಅದನ್ನು ಕಾಲೇಜುಗಳಲ್ಲಿ ಕಡ್ಡಾಯ ಮಾಡಿದರು. 1968ರಲ್ಲಿ ಮತ್ತೆ ಇಷ್ಟವಿದ್ದವರಿಗೆ ಮಾತ್ರ ಎಂದಾಯಿತು. 1965 ಮತ್ತು 1971ರ ಯುದ್ಧಗಳಲ್ಲಿ ಕೆಡೆಟ್‌ಗಳು ಶಸ್ತ್ರಾಸ್ತ್ರ ಕಾರ್ಖಾನೆಗಳಿಗೆ ನೆರವಾದರು, ಕಾವಲು ಗಸ್ತು ತಿರುಗಿದರು.

ಕಡ್ಡಾಯಕ್ಕೆ ನನ್ನ ಒಪ್ಪಿಗೆ ಇಲ್ಲ. ಹಾಜರಿಗಾಗಿ ಬಂದವರ ಸಾಲು ಹೇಗಿರುತ್ತದೆ ಎಂದು ನನಗಿಂತ ನಿಮಗೇ ಚೆನ್ನಾಗಿ ನೆನಪಿರಬೇಕು. ಬೆಳಿಗ್ಗೆ ಐದಕ್ಕೆ ತಾನಾಗಿ ಎದ್ದು ಬಂದ ಮೂವತ್ತು ಮಂದಿ ನನಗೆ ಸಾಕು. ನನ್ನ ಬೇಡಿಕೆ ಬೇರೆ: ಬೇಕು ಎಂದು ಕೇಳಿಕೊಂಡು ಬರುವ ಮಕ್ಕಳನ್ನು ಜಾಗವಿಲ್ಲ ಎಂದು ವಾಪಸು ಕಳುಹಿಸುವಂತಾಗಬಾರದು. ಪ್ರತಿ ಜೂನ್‌ನಲ್ಲೂ ನಾನು ಹಾಗೆ ಕಳುಹಿಸಿದ್ದೇನೆ. ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದು ಆಯ್ಕೆಯಲ್ಲಿ ಬಿದ್ದುಹೋದವರ ಮುಖಗಳು ಕಣ್ಣ ಮುಂದಿವೆ.

ಪ್ರಶ್ನೆ: ನನಗೆ ಸೈನ್ಯದಲ್ಲಿ ಅಧಿಕಾರಿಯಾಗಬೇಕು ಎಂಬ ಆಸೆ. ಈ ಶಿಬಿರದಿಂದ ಅದಕ್ಕೆ ಉಪಯೋಗವಿದೆಯೇ? ಹುಡುಗಿಯರಿಗೂ ದಾರಿ ಇದೆಯೇ?
— ಬಿ.ಎಸ್ಸಿ. ವಿದ್ಯಾರ್ಥಿನಿ, ಬೈಲಹೊಂಗಲ

ಉತ್ತರ: ಇದೆ. ಮೊದಲು ಎನ್‌ಸಿಸಿಯ ಬಿ, ಆಮೇಲೆ ಸಿ ಪ್ರಮಾಣಪತ್ರದ ಪರೀಕ್ಷೆ. ಶಿಬಿರಕ್ಕೆ ಹೋಗದಿದ್ದರೆ, ಪೆರೇಡ್‌ಗಳಲ್ಲಿ ಶೇಕಡ 75ರಷ್ಟು ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಸಿ ಪ್ರಮಾಣಪತ್ರದಲ್ಲಿ ಕನಿಷ್ಠ ಬಿ ಗ್ರೇಡ್, ಪದವಿಯಲ್ಲಿ ಶೇಕಡ 50 ಅಂಕ ಇದ್ದರೆ ಎನ್‌ಸಿಸಿ ವಿಶೇಷ ಪ್ರವೇಶದ ಅಡಿಯಲ್ಲಿ ಅರ್ಜಿ ಹಾಕಬಹುದು. ಅದಕ್ಕೆ ಯುಪಿಎಸ್‌ಸಿಯ ಲಿಖಿತ ಪರೀಕ್ಷೆ ಇಲ್ಲ. ಅರ್ಜಿಗಳನ್ನು ಆರಿಸಿ ನೇರವಾಗಿ ಎಸ್‌ಎಸ್‌ಬಿ (ಸೇನಾ ಅಧಿಕಾರಿಗಳ ಆಯ್ಕೆ ಮಂಡಳಿ) ಸಂದರ್ಶನಕ್ಕೆ ಕರೆಯುತ್ತಾರೆ. ಗಂಡು, ಹೆಣ್ಣು ಇಬ್ಬರಿಗೂ ಅವಕಾಶವಿದೆ. ನಿನ್ನ ತಂಗಿ ಪಿಯುಸಿಯಲ್ಲಿದ್ದರೆ ಅವಳಿಗೆ ಇನ್ನೊಂದು ಬಾಗಿಲೂ ತೆರೆದಿದೆ. ಸುಪ್ರೀಂ ಕೋರ್ಟ್ 2021ರಲ್ಲಿ ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಪರೀಕ್ಷೆಗೆ ಹುಡುಗಿಯರನ್ನೂ ಕೂರಿಸಲು ಹೇಳಿತು. ಆ ಅಕಾಡೆಮಿ ಇರುವ ಖಡಕ್‌ವಾಸ್ಲಾದಿಂದ ಮೊದಲ ತಂಡದ 17 ಹುಡುಗಿಯರು 2025ರ ಮೇ ತಿಂಗಳಲ್ಲಿ ಹೊರಬಂದರು. ಆ ಪೆರೇಡನ್ನು ನಾನು ಟಿವಿಯಲ್ಲಿ ನಿಂತುಕೊಂಡೇ ನೋಡಿದೆ.

ಎಸ್‌ಎಸ್‌ಬಿಯ ಐದು ದಿನಗಳಲ್ಲಿ ಗುಂಪಿನ ಕೆಲಸಗಳಿರುತ್ತವೆ. ಹಗ್ಗ, ಹಲಗೆ, ಡ್ರಮ್ಮು ಕೊಟ್ಟು ಎಲ್ಲರೂ ಸೇರಿ ದಾಟಿ ಎನ್ನುತ್ತಾರೆ. ಅಲ್ಲಿ ತಾನೊಬ್ಬಳೇ ಮೊದಲು ದಾಟುವವಳಿಗಿಂತ ಹಿಂದೆ ಉಳಿದವಳಿಗೆ ಹಗ್ಗ ಹಿಡಿಯುವವಳು ಎದ್ದು ಕಾಣುತ್ತಾಳೆ. ಶಿಬಿರದಲ್ಲಿ ಅದನ್ನು ರೂಢಿಮಾಡಿಕೊ.

ಪ್ರಶ್ನೆ: ನನ್ನ ಮಗ ಶಿಬಿರದಿಂದ ಬಂದಾಗಿನಿಂದ ಮಾತು ಕಡಿಮೆ ಮಾಡಿದ್ದಾನೆ. ಒತ್ತಾಯಿಸಿ ಕೇಳಿದಾಗ, ಹಿರಿಯ ಕೆಡೆಟ್ ಒಬ್ಬ ರಾತ್ರಿ ಎಬ್ಬಿಸಿ ತನ್ನ ಬಟ್ಟೆ ಒಗೆಸುತ್ತಿದ್ದ, ಒಲ್ಲೆ ಎಂದಾಗ ಕಲ್ಲಿನ ಮೇಲೆ ಮಂಡಿಯೂರಿಸಿದ ಎಂದ. "ಸೈನ್ಯದಲ್ಲಿ ಇದೆಲ್ಲ ಇರುತ್ತದೆ" ಎಂದು ಪರಿಚಯದವರು ಸಮಾಧಾನ ಹೇಳುತ್ತಿದ್ದಾರೆ.
— ಒಬ್ಬ ತಂದೆ (ಊರು ಬೇಡ)

ಉತ್ತರ: ಆ ಸಮಾಧಾನವನ್ನು ಒಪ್ಪಬೇಡಿ. ಇದು ಶಿಸ್ತು ಅಲ್ಲ, ಹಿಂಸೆ. ತೋಳಿನ ಮೇಲೆ ಮೂರು ಪಟ್ಟಿ ಇರುವವನಿಗೆ ಬೇರೆ ಹುಡುಗನನ್ನು ಮುಟ್ಟುವ ಅಧಿಕಾರವನ್ನು ಯಾರೂ ಕೊಟ್ಟಿಲ್ಲ. ಆ ಪಟ್ಟಿ ಕೊಟ್ಟಿರುವುದು ಚಿಕ್ಕವರು ಉಂಡರೇ, ಮಲಗಿದರೇ ಎಂದು ನೋಡುವುದಕ್ಕೆ.

ಮಗ ಹೇಳಿದ್ದನ್ನು ದಿನ, ಹೊತ್ತು ಸಹಿತ ಬರೆದಿಡಿ. ಮಂಡಿಯಲ್ಲಿ ಗಾಯದ ಗುರುತಿದ್ದರೆ ವೈದ್ಯರಿಗೆ ತೋರಿಸಿ ಚೀಟಿ ಪಡೆಯಿರಿ. ಕಾಲೇಜಿನ ಎನ್‌ಸಿಸಿ ಅಧಿಕಾರಿಗೂ ಪ್ರಾಂಶುಪಾಲರಿಗೂ ಲಿಖಿತ ದೂರು ಕೊಟ್ಟು, ಬೆಟಾಲಿಯನ್‌ನ ಕಮಾಂಡಿಂಗ್ ಅಧಿಕಾರಿಗೆ ಅದರ ಪ್ರತಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ. ಇದಕ್ಕೆಲ್ಲ ಮೊದಲು ಮಗನ ಪಕ್ಕ ಕೂತು, "ನೀನು ಹೇಳಿದ್ದು ಒಳ್ಳೆಯದಾಯಿತು" ಎನ್ನಿ. ನೆಪ ಎಂದು ಒಬ್ಬಳನ್ನು ಸಾಲಿಗೆ ಅಟ್ಟಿದವಳು ನಾನು, ಹಾಗಾಗಿ ಹೇಳುತ್ತಿದ್ದೇನೆ. ಹೇಳಿಕೊಳ್ಳಲು ಬಂದ ಮಗುವನ್ನು ಮೊದಲ ಸಲ ನಂಬದಿದ್ದರೆ ಎರಡನೆಯ ಸಲ ಅದು ಬರುವುದೇ ಇಲ್ಲ.

ಪ್ರಶ್ನೆ: ಮೇಡಂ, ಶಿಬಿರ ಮುಗಿಸಿ ಬಂದು ಎಂಟು ದಿನವಾಯಿತು. ಬೆಳಿಗ್ಗೆ ಐದಕ್ಕೆ ಎಚ್ಚರವಾಗುತ್ತದೆ, ಎದ್ದರೆ ಮನೆಯಲ್ಲಿ ಯಾರೂ ಇಲ್ಲದ ಹಾಗೆ ಅನ್ನಿಸುತ್ತದೆ. ಪಕ್ಕದ ಹಾಸಿಗೆಯಲ್ಲಿದ್ದವಳು ಸೋಮವಾರಪೇಟೆಯ ಕಡೆಯವಳು. ಇಬ್ಬರೂ ರಾತ್ರಿ ಎರಡರಿಂದ ನಾಲ್ಕರವರೆಗೆ ಸೆಂಟ್ರಿ ಕಾವಲು ನಿಂತಿದ್ದೆವು. ಅವಳ ಹತ್ತಿರ ಮೊಬೈಲ್ ಇಲ್ಲ. ಹೊರಡುವ ದಿನದ ಗಡಿಬಿಡಿಯಲ್ಲಿ ವಿಳಾಸ ಕೇಳಲು ಮರೆತೆ. ಹತ್ತು ದಿನದ ಪರಿಚಯಕ್ಕೆ ಇಷ್ಟು ಅಳು ಬರುವುದು ಸರಿಯೇ ಎಂದು ಅಮ್ಮ ಕೇಳುತ್ತಾರೆ.
— ಪುತ್ತೂರು

ಉತ್ತರ: ಸರಿ ಮಗಳೇ. ಅಮ್ಮನಿಗೂ ಇದನ್ನು ಓದಿ ಹೇಳು.

ನಾನು ಎನ್‌ಸಿಸಿ ಅಧಿಕಾರಿಯ ತರಬೇತಿಗೆ ಗ್ವಾಲಿಯರ್‌ಗೆ ಹೋದದ್ದು ಬೇಸಿಗೆಯಲ್ಲಿ. ಮಧ್ಯಾಹ್ನ 44, 45 ಡಿಗ್ರಿ. ಬಿಸಿಗಾಳಿ ಕಿಟಕಿಯಿಂದ ಒಲೆಯ ಉಸಿರಿನಂತೆ ನುಗ್ಗುತ್ತಿತ್ತು. ಮಲೆನಾಡಿನಲ್ಲಿ ಬೆಳೆದ ನನಗೆ ಮೊದಲ ರಾತ್ರಿ ನಿದ್ದೆಯೇ ಬರಲಿಲ್ಲ. ಪಕ್ಕದ ಮಂಚದಲ್ಲಿದ್ದವರು ಅಸ್ಸಾಮಿನ ಉಪನ್ಯಾಸಕಿ. ಅವರ ಹಿಂದಿ ಅಷ್ಟಕ್ಕಷ್ಟೆ, ನನ್ನದು ಇನ್ನೂ ಕಡಿಮೆ. ಅವರು ಏನೂ ಮಾತನಾಡದೆ ಎದ್ದು, ನನ್ನ ಹೊದಿಕೆಯನ್ನು ನಲ್ಲಿಯ ಕೆಳಗೆ ನೆನೆಸಿ, ಹಿಂಡಿ, ನನ್ನ ಮೇಲೆ ಹಾಸಿದರು. ಅದು ಒಣಗುವಷ್ಟರಲ್ಲಿ ನಿದ್ದೆ ಬಂದಿತ್ತು. ಮರುರಾತ್ರಿ ನಾನು ಅವರದನ್ನು ನೆನೆಸಿದೆ. ತರಬೇತಿ ಮುಗಿಯುವವರೆಗೂ ಹಾಗೆಯೇ ನಡೆಯಿತು. ಕೊನೆಯ ದಿನ ಎಲ್ಲರೂ ಒಟ್ಟಿಗೆ ಉಣ್ಣುವ ಬಡಾ ಖಾನಾದ ನಂತರ ಟ್ರಂಕು ಕಟ್ಟುವ ಆತುರದಲ್ಲಿ ಇಬ್ಬರ ಸ್ಟೀಲ್ ಮಗ್‌ಗಳು ಅದಲುಬದಲಾದವು. ಮೊಳೆಯಿಂದ ಅಸ್ಸಾಮಿ ಲಿಪಿಯಲ್ಲಿ ಹೆಸರು ಕೊರೆದಿರುವ ಆ ಮಗ್ ಈಗಲೂ ನನ್ನ ಅಡುಗೆಮನೆಯಲ್ಲಿದೆ. ನನ್ನ ಕನ್ನಡ ಅಕ್ಷರಗಳ ಮಗ್ ಅಲ್ಲಿದೆ. ಹದಿನಾಲ್ಕು ವರ್ಷ ಪತ್ರ ಬರೆದುಕೊಂಡೆವು.

ವಿಳಾಸ ಸಿಗುವುದು ಕಷ್ಟವಲ್ಲ. ನಿನ್ನ ಎನ್‌ಸಿಸಿ ಅಧಿಕಾರಿಯ ಹತ್ತಿರ ಶಿಬಿರದ ನಾಮಿನಲ್ ರೋಲ್ (ಹೆಸರುಪಟ್ಟಿ) ಇದ್ದರೆ ಅದರಲ್ಲಿ ಅವಳ ಕಾಲೇಜಿನ ಹೆಸರು ಸಿಗುತ್ತದೆ. ಅವಳ ಹೆಸರು, ಅದರ ಕೆಳಗೆ "ಎನ್‌ಸಿಸಿ ಅಧಿಕಾರಿಗಳ ಮೂಲಕ" ಎಂದು ಬರೆದು ಕಾಲೇಜಿನ ವಿಳಾಸಕ್ಕೇ ಹಾಕು. ಪಿನ್‌ಕೋಡ್ ಮರೆಯಬೇಡ. ಅಲ್ಲಿ ಮಳೆ ಬೇಗ ಹಿಡಿಯುತ್ತದೆ, ಶಾಯಿ ಕಲಸದ ಹಾಗೆ ಬಾಲ್‌ಪೆನ್ನಿನಲ್ಲಿ ಬರೆ. ಕಾಲೇಜು ತೆರೆದ ಮೊದಲ ಪೆರೇಡಿನ ದಿನ ಅವಳ ಕೈಗೆ ಸೇರುತ್ತದೆ.